ಪ್ರಯೋಗಶಾಲೆಯವರ ಮನೋಭಾರ

ರೋಗಿಯ ಹಾಸಿಗೆಯ ಬಳಿಯಲ್ಲಿ ನಿಲ್ಲುವ ವೈದ್ಯರನ್ನೂ ದಾದಿಯರನ್ನೂ ಲೋಕವು ಬಲ್ಲದು. ಆದರೆ ರೋಗವು ಇಂಥದೇ ಎಂದು ಗೊತ್ತುಮಾಡಿಕೊಡುವ ಪ್ರಯೋಗಶಾಲೆಯವರನ್ನು ಬಲ್ಲವರು ವಿರಳ. ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹೆಣ್ಣುಮಕ್ಕಳಲ್ಲಿ ಕೆಲವರು ಈ ಉದ್ಯೋಗದಲ್ಲಿರುತ್ತಾರೆ. ಈಗ ಮೇಲಿನ ತರಗತಿಗಳಲ್ಲಿರುವ ಕೆಲವರು ಅದನ್ನೇ ಹಿಡಿಯಬೇಕೆಂದು ಆಶಿಸುತ್ತಾರೆ. ಆದುದರಿಂದ ಕೋವಿಡ್ ಮಹಾಮಾರಿಯ ಕಾಲದಲ್ಲಿ ಈ ಕೆಲಸದವರ ಮನಸ್ಸಿನ ಮೇಲೆ ಬಿದ್ದ ಭಾರವು ಎಂಥದು, ಅದು ಎಲ್ಲಿಂದ ಹುಟ್ಟಿತು ಎಂಬುದನ್ನು ವಿದ್ಯಾರ್ಥಿನಿಯರಿಗೂ ಅವರ ತಾಯ್ತಂದೆಗಳಿಗೂ ವಿವರಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ.

ನಮ್ಮ ದೇಶದ ಮೊದಲನೆಯ ಕೋವಿಡ್ ರೋಗಿಯು ಕೇರಳದಲ್ಲಿ ಗುರುತಿಸಲ್ಪಟ್ಟದ್ದು 2020ನೆಯ ಜನವರಿ 30ರಂದು. ಅದನ್ನು ಪರೀಕ್ಷಿಸಿ ನಿಶ್ಚಯಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಅದೇ ವರ್ಷದ ಜೂನ್ ತಿಂಗಳು ಮುಗಿಯುವುದರೊಳಗೆ ಪರೀಕ್ಷೆ ಮಾಡತಕ್ಕ ಪ್ರಯೋಗಶಾಲೆಗಳು 1,000ವನ್ನು ಮುಟ್ಟಿದವು. ಆಗಸ್ಟ್ 21ರಂದು ಒಂದೇ ದಿನದಲ್ಲಿ 10 ಲಕ್ಷಕ್ಕೂ ಮಿಕ್ಕಿ ಪರೀಕ್ಷೆಗಳು ನಡೆದವು. ಕಟ್ಟಡಗಳನ್ನೂ ಯಂತ್ರಗಳನ್ನೂ ಐದು ತಿಂಗಳಲ್ಲಿ ಒದಗಿಸಬಹುದು. ಪಳಗಿದ ಕೈಯನ್ನು ಒದಗಿಸಲಾಗದು. ಹಾಗಾಗಿ ಇದ್ದ ಕೈಗಳೇ ಇಮ್ಮಡಿ ದುಡಿಯಬೇಕಾಯಿತು.

ಆ ದುಡಿಮೆಯ ರೀತಿಯನ್ನು ತಿಳಿಯದೆ ಅವರ ಸಂಕಟವು ಅರ್ಥವಾಗದು. ಮೂಗಿನಿಂದಲೂ ಗಂಟಲಿನಿಂದಲೂ ತೆಗೆದ ದ್ರವವು ಒಂದು ಸಣ್ಣ ನಳಿಗೆಯಲ್ಲಿ ಬರುತ್ತದೆ. ಅದರ ಮೇಲೆ ಒಂದು ಸಂಖ್ಯೆ. ಗಾಳಿಯನ್ನು ಶೋಧಿಸುವ ವಿಶೇಷವಾದ ಪೆಟ್ಟಿಗೆಯೊಳಗೆ ಕೈಯಿಟ್ಟು ಅದನ್ನು ತೆರೆದು, ವೈರಾಣುವಿನ ಆರ್‌ಎನ್‌ಎ ಎಂಬ ಸತ್ವವನ್ನು ಬೇರ್ಪಡಿಸಿ, ಸಾಮಾನ್ಯವಾಗಿ 96 ಗುಳಿಗಳುಳ್ಳ ಅಂಗೈಯಗಲದ ತಟ್ಟೆಯಲ್ಲಿ ಹನಿ ಹನಿಯಾಗಿ ಇಡಬೇಕು. ಅನಂತರ ಯಂತ್ರವು ಸುಮಾರು 40 ಸಾರಿ ಅದನ್ನು ಕಾಯಿಸಿ ಆರಿಸುತ್ತದೆ. ವೈರಾಣುವಿನ ಗುರುತು ಇದ್ದರೆ ಅದು ಪ್ರತಿ ಸಾರಿಯೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತ ಹೋಗಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಯು ಇಷ್ಟು ಸೂಕ್ಷ್ಮವಾದುದರಿಂದ ನೆರೆಯ ಗುಳಿಯಿಂದ ಕಣ್ಣಿಗೆ ಕಾಣದ ಒಂದು ತುಂತುರು ಸಿಡಿದರೂ ಆರೋಗ್ಯವಂತನು ರೋಗಿಯೆನಿಸಿಕೊಂಡಾನು. ಅದಕ್ಕಾಗಿಯೇ ಒಂದು ಗುಳಿಯಲ್ಲಿ ಯಾರ ದ್ರವವನ್ನೂ ಹಾಕದೆ ಬರಿದೇ ನೀರನ್ನಿಡುತ್ತಾರೆ. ಆ ನೀರಿನಲ್ಲಿ ಗುರುತು ಕಂಡಿತೆಂದರೆ ತಟ್ಟೆಯ ಫಲಿತಾಂಶವನ್ನು ನಂಬುವಂತಿಲ್ಲ. ಗಂಟೆಗಟ್ಟಲೆಯ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡತಕ್ಕದ್ದು. ಇದೆಲ್ಲವೂ ಮೈತುಂಬ ಮುಚ್ಚಿದ ರಕ್ಷಣೆಯ ಉಡುಪಿನಲ್ಲಿ! ಅದನ್ನು ಕಳಚುವ ತನಕ ನೀರು ಕುಡಿಯುವಂತಿಲ್ಲ, ಹೊರಗೆ ಹೋಗಿ ಬರುವಂತಿಲ್ಲ. ತಿಂಗಳ ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ಇದೆಷ್ಟು ಪ್ರಯಾಸಕರವೆಂದು ನಾವು ಬರೆಯಬೇಕಾಗಿಲ್ಲ.

ರೋಗವು ತಮಗೂ ಅಂಟೀತೆಂಬುದೇ ಇವರ ಭಯವೆಂದು ಹೊರಗಿನವರು ಭಾವಿಸುತ್ತಾರೆ. ಆ ಭಯವೂ ಇತ್ತು. ಮನೆಯಲ್ಲಿನ ವೃದ್ಧರಿಗೂ ಶಿಶುಗಳಿಗೂ ಅದನ್ನು ಒಯ್ದೇವೆಂಬ ಭಯವು ಅದಕ್ಕಿಂತ ಹೆಚ್ಚಾಗಿತ್ತು. ಆದರೆ ಎಲ್ಲಕ್ಕೂ ಮಿಗಿಲಾದದ್ದು ತಪ್ಪುಮಾಡೇವೆಂಬ ಭಯವೆಂದು ನಮಗೆ ತೋರುತ್ತದೆ. ಎರಡು ಸಂಖ್ಯೆಗಳು ಅದಲುಬದಲಾದರೆ ರೋಗಿಯು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ರೋಗವಿಲ್ಲದವನು ರೋಗಿಗಳ ನಡುವೆ ಮಲಗುತ್ತಾನೆ. ದಾದಿಗೆ ರೋಗಿಯ ಮುಖವು ಕಾಣುತ್ತದೆ, ಅವನು ಗುಣಹೊಂದಿ ನಡೆದುಹೋಗುವುದೂ ಕಾಣುತ್ತದೆ. ಪ್ರಯೋಗಶಾಲೆಯವಳಿಗೆ ಕಾಣುವುದು ಸಂಖ್ಯೆ ಮಾತ್ರ. 2020ನೆಯ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅವರಿಗಿದ್ದದ್ದು ಕೋವಿಡ್ ಎಂಬುದು ನಿಶ್ಚಯವಾದದ್ದು 12ರಂದು. ದೇಶದಲ್ಲಿ ಈ ರೋಗದಿಂದಾದ ಮೊದಲನೆಯ ಮರಣವೆಂದು ಎಣಿಸಲ್ಪಟ್ಟದ್ದು ಅದೇ. ತಾನು ಬರೆಯುವ ಉತ್ತರವು ಕೇಳಿದವನನ್ನು ಜೀವಂತನಾಗಿ ಮುಟ್ಟೀತೋ ಇಲ್ಲವೋ ಎಂಬ ಈ ಯೋಚನೆಯು 2021ನೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ, ನಳಿಗೆಗಳು ರಾಶಿಬಿದ್ದಿದ್ದಾಗ, ಎಷ್ಟು ಮಂದಿಯನ್ನು ಕಾಡಿರಬೇಕು!

2020ನೆಯ ಮಾರ್ಚ್ 22ರ ಸಾಯಂಕಾಲ ಐದು ಗಂಟೆಗೆ ಜನರು ಬಾಗಿಲುಗಳಲ್ಲಿ ನಿಂತು ಚಪ್ಪಾಳೆ ತಟ್ಟಿದರಷ್ಟೆ. ವೈದ್ಯರ ಹೆಸರು, ದಾದಿಯರ ಹೆಸರು, ಪೊಲೀಸರ ಹೆಸರು ಕೇಳಿಬಂತು. ಪ್ರಯೋಗಶಾಲೆಯ ಹೆಸರೆತ್ತಿದವರು ನಮ್ಮ ಬೀದಿಯಲ್ಲಂತೂ ಇರಲಿಲ್ಲ. ಆದರೆ ಬಾಡಿಗೆಯ ಮನೆಯನ್ನು ಬಿಡಿಸುವಾಗ ಮಾತ್ರ ಕೆಲವು ಯಜಮಾನರಿಗೆ ಆಸ್ಪತ್ರೆಯವರೆಲ್ಲರೂ ಒಂದೇ ಆಗಿ ಕಂಡರು. ಇಂಥ ಉಪದ್ರವಗಳನ್ನು ತಡೆಯಲು ಅದೇ ಏಪ್ರಿಲ್ 22ರಂದು ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ದಿನಗಳಲ್ಲಿ ನಿದ್ರೆಯಲ್ಲಿಯೂ ಸಂಖ್ಯೆಗಳನ್ನೇ ಓದುತ್ತಿದ್ದಳಂತೆ. ಮನೆಗೆ ಬಂದು ಮಿಂದ ಮೇಲೆ, ಇಂಥ ನಳಿಗೆಯನ್ನು ಇನ್ನೊಮ್ಮೆ ನೋಡಿರೆಂದು ಫೋನು ಮಾಡುತ್ತಿದ್ದಳಂತೆ. ಇದನ್ನು ಅವಳ ದೌರ್ಬಲ್ಯವೆಂದು ಎಣಿಸಕೂಡದು. ಕೆಲಸದಿಂದುಂಟಾಗುವ ಇಂಥ ಬಳಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ನಿಷ್ಫಲವೆನಿಸುವುದು. ಅದು ಇದನ್ನು ರೋಗವೆನ್ನದೆ ಉದ್ಯೋಗಕ್ಕೆ ಸೇರಿದ ಸ್ಥಿತಿಯೆಂದು ಕರೆದುದು ಬಹಳ ವಿಚಾರಯೋಗ್ಯವಾಗಿದೆ. ಯಾತಕ್ಕಂದರೆ ಕಾರಣವು ಉದ್ಯೋಗದಲ್ಲಿದ್ದರೆ ಪರಿಹಾರವನ್ನೂ ಅಲ್ಲಿಯೇ ಹುಡುಕತಕ್ಕದ್ದು. ದುಡಿಮೆಯ ಹೊತ್ತಿಗೆ ಮಿತಿ, ನಡುವೆ ಉಡುಪು ಕಳಚಿ ಕೂತುಕೊಳ್ಳಲು ಒಂದು ಕೊಠಡಿ, ಸಂಖ್ಯೆಗಳನ್ನು ಸರಿನೋಡಲು ಎರಡನೆಯವಳೊಬ್ಬಳು—ಇವು ಬೇಕು. ಧೈರ್ಯ ತಂದುಕೋ ಎಂಬ ಬುದ್ಧಿವಾದವನ್ನು ನಾವೂ ಹೇಳಬಲ್ಲೆವು, ಅದಕ್ಕೆ ಖರ್ಚಿಲ್ಲ. ಎರಡನೆಯವಳಿಗೆ ಸಂಬಳ ಕೊಡಬೇಕು.

ತಾಯ್ತಂದೆಗಳಿಗೆ ಒಂದು ಮಾತು. ಮಗಳು ಇಂಥ ಕೆಲಸದಿಂದ ಬಂದು ಮಾತಾಡದೆ ಕೂತರೆ ಆಕೆಯನ್ನು ಒಡನೆಯೇ ಅಡಿಗೆಮನೆಗೆ ಕರೆಯಬೇಡಿರಿ. ನಿದ್ರೆಯೂ ಹಸಿವೂ ವಾರಗಟ್ಟಲೆ ಕೆಟ್ಟಿದ್ದರೆ, ಮನೋವೈದ್ಯರ ಹತ್ತಿರ ಹೋಗುವುದು ಮಾನಹಾನಿಯೆಂದು ತಡಮಾಡಬೇಡಿರಿ. 2022ನೆಯ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಫೋನು ಮಾಡಬಹುದು; ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.