ಕಾಣೆಯಾಗಿದ್ದ ಕಿರುಗೂಬೆ

ದಾವಣಗೆರೆಯ ವಿನೋಬನಗರದಂತಹ ಬಡಾವಣೆಯಲ್ಲಿಯೂ ಹಳೆಯ ಮರದ ಪೊಟರೆಯೊಂದು ಉಳಿದಿದ್ದರೆ ಹಾಲಕ್ಕಿ ಅಲ್ಲಿ ಮನೆ ಮಾಡಬಲ್ಲದು. ಗೊರವಂಕದಷ್ಟು ಗಾತ್ರದ, ಬೂದುಗಂದು ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ ಪುಟ್ಟ ಗೂಬೆಯಿದು. ಇದರ ದನಿಯನ್ನು ಶಕುನವೆಂದು ಸಾರಿಯೇ ಬುಡುಬುಡಿಕೆಯವರು ಮನೆಬಾಗಿಲಲ್ಲಿ ಭವಿಷ್ಯ ನುಡಿಯುವುದು. ಊರಿಗೆ ಇಷ್ಟು ಹತ್ತಿರವಾದ ಈ ಹಕ್ಕಿಗೆ ಮಧ್ಯಭಾರತದ ಅರಣ್ಯಗಳಲ್ಲಿ ದಾಯಾದಿಯೊಂದುಂಟು. ಕಾಡಿನ ಕಿರುಗೂಬೆ ಎನ್ನಬಹುದಾದ ಅದನ್ನು 113 ವರ್ಷಗಳ ಕಾಲ ಯಾವ ಪಕ್ಷಿತಜ್ಞನೂ ಕಾಣಲಿಲ್ಲ.

1872ರಲ್ಲಿ ಬ್ಲೂಯಿಟ್ ಎಂಬಾತನು ಇಂದಿನ ಛತ್ತೀಸಗಡದ ಸೀಮೆಯಲ್ಲಿ ಇದರ ಮೊದಲ ಮಾದರಿಯನ್ನು ಸಂಗ್ರಹಿಸಿದನು. ಮರುವರ್ಷ ಎ. ಓ. ಹ್ಯೂಮ್ ಅದನ್ನು ಬಣ್ಣಿಸಿ, ಬ್ಲೂಯಿಟನ ಹೆಸರನ್ನೇ ಅದಕ್ಕಿಟ್ಟನು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಹ್ಯೂಮನೇ ಈತ! 1880ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಖಾನದೇಶದಲ್ಲಿ ಇನ್ನು ಕೆಲವನ್ನು ದೊರಕಿಸಿದನು. ಅನಂತರ ಉತ್ತರ ಕನ್ನಡಕ್ಕೆ ಅಧಿಕಾರಿಯಾಗಿ ಬಂದು ಅಲ್ಲಿಯ ಹಕ್ಕಿಗಳನ್ನು ಕುರಿತು ಬರೆದವನೂ ಇವನೇ. 1884ರ ತರುವಾಯ ಕಿರುಗೂಬೆಯ ಸುಳಿವೇ ಇಲ್ಲವಾಯಿತು.

ಹುಡುಕುವವರ ದಾರಿ ತಪ್ಪಿಸಿದ್ದು ಒಂದು ಸುಳ್ಳು ಚೀಟಿ. ಮೈನರ್ಟ್ಸ್‌ಹಾಗನ್ ಎಂಬ ಸೇನಾಧಿಕಾರಿಯ ಸಂಗ್ರಹದಲ್ಲಿದ್ದ ಮಾದರಿಯೊಂದು 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ದೊರೆತದ್ದೆಂದು ಅದರಲ್ಲಿ ಬರೆದಿತ್ತು. ಅದನ್ನು ನಂಬಿ ಅರಸಿದವರು ಬರಿಗೈಯಲ್ಲಿ ಮರಳಿದರು. ಅಮೆರಿಕದ ವಿಜ್ಞಾನಿ ಪಮೇಲಾ ರಾಸ್ಮುಸೆನ್ ಸಂದೇಹಗೊಂಡು ಆ ಮಾದರಿಗೆ ಕ್ಷ-ಕಿರಣ ಹಾಯಿಸಿ ಪರೀಕ್ಷಿಸಿದರು. ಅದನ್ನು ಬಿಚ್ಚಿ ಮತ್ತೆ ತುಂಬಿದ್ದರೂ ಡೇವಿಡ್‌ಸನ್ನನ ಕೈಕೆಲಸದ ಗುರುತುಗಳು ಉಳಿದಿದ್ದವು. ಅದು ಬ್ರಿಟಿಷ್ ವಸ್ತುಸಂಗ್ರಹಾಲಯದಿಂದ ಕದ್ದ ಮಾಲು. ಕದ್ದುದಕ್ಕಿಂತಲೂ ಘೋರವಾದುದು ಸುಳ್ಳು ಸ್ಥಳವನ್ನು ಬರೆದದ್ದು.

ಆ ಚೀಟಿಯನ್ನು ಬದಿಗಿರಿಸಿ, ರಾಸ್ಮುಸೆನ್ ತಮ್ಮ ಇಬ್ಬರು ಸಂಗಡಿಗರೊಡನೆ ಹಳೆಯ ನಿಜವಾದ ನೆಲೆಗಳಿಗೇ ಹೊರಟರು. ಪೂರ್ವದ ಕಾಡುಗಳಲ್ಲಿ ಏನೂ ಸಿಕ್ಕಲಿಲ್ಲ. 1997ರ ನವೆಂಬರ್ 25ರ ಬೆಳಿಗ್ಗೆ, ಮಹಾರಾಷ್ಟ್ರದ ಶಹಾದಾ ಊರಿನ ಬಳಿ, ಬೋಳುಮರದ ಮೇಲೆ ಗೂಬೆಯೊಂದು ಬಿಸಿಲು ಕಾಯಿಸುತ್ತ ಕುಳಿತಿತ್ತು.

ಹಾಲಕ್ಕಿಯಲ್ಲವೆಂದು ತಿಳಿದದ್ದು ಹೇಗೆ? ಇದರ ನೆತ್ತಿಯಲ್ಲಿಯೂ ಬೆನ್ನಿನಲ್ಲಿಯೂ ಚುಕ್ಕೆಗಳು ಇಲ್ಲವೆನ್ನುವಷ್ಟು ಮಸುಕು. ಎದೆ ಗಾಢ ಕಂದು, ಹೊಟ್ಟೆ ಬಿಳಿ. ರೆಕ್ಕೆ ಬಾಲಗಳಲ್ಲಿ ಅಗಲವಾದ ಪಟ್ಟೆಗಳು. ದಪ್ಪನೆಯ ಕಾಲುಗಳನ್ನು ಬಿಳಿಯ ಗರಿಗಳು ಮುಚ್ಚಿರುತ್ತವೆ. ಗೂಬೆಯೆಂದರೆ ಇರುಳಿನ ಹಕ್ಕಿಯೆಂಬ ರೂಢಿಯ ಮಾತೂ ಇದಕ್ಕೆ ಪೂರ್ತಿ ಸಲ್ಲದು. ಹಗಲಿನಲ್ಲಿಯೇ ಓತಿ, ಇಲಿಗಳನ್ನು ಹಿಡಿದು ತಿನ್ನುತ್ತದೆ. ಬಾಲವನ್ನು ಅತ್ತಿತ್ತ ಆಡಿಸುತ್ತದೆ.

ಅಂದಿನಿಂದೀಚೆಗೆ ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತುಗಳ ಕೆಲವು ಕಾಡುಗಳಲ್ಲಿ ಇದು ಕಂಡುಬಂದಿದೆ. ಆದರೆ ಅಲ್ಲಿಯೂ ಸಾಗುವಾನಿಯ ಕಾಡು ಕಡಿದು ಹೊಲವಾಗುತ್ತಿದೆ; ಗೂಡಿಗೆ ಬೇಕಾದ ಪೊಟರೆ ಮೂಡುವುದು ವಯಸ್ಸಾದ ಮರದಲ್ಲಿ ಮಾತ್ರ.