ಎಣಿಸುವ ವಿದ್ಯೆ, ಕೇಳುವ ವಿದ್ಯೆ

ಶಾಲೆ ಬಿಟ್ಟ ಮಕ್ಕಳ ಲೆಕ್ಕವನ್ನು ಸರಕಾರವು ಬಹುಕಾಲದಿಂದ ಇಡುತ್ತ ಬಂದಿದೆ. ೧೯೨೯ರ ಹಾರ್ಟಾಗ್ ಸಮಿತಿಯು ಈ ನಷ್ಟವನ್ನು ಎರಡಾಗಿ ವಿಂಗಡಿಸಿತು. ಪ್ರಾಥಮಿಕ ಶಿಕ್ಷಣ ಮುಗಿಯುವ ಮೊದಲೇ ಶಾಲೆ ಬಿಟ್ಟರೆ ‘ಅಪವ್ಯಯ’. ಒಂದೇ ಇಯತ್ತೆಯಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ‘ಸ್ಥಗಿತತೆ’. ನಮ್ಮ ಪುಣೆಯ ಗೋಖಲೆ ಸಂಸ್ಥೆಯೂ ಸಾತಾರಾ ಜಿಲ್ಲೆಯ ಪ್ರಾಥಮಿಕ ಶಿಕ್ಷಣವನ್ನು ಕುರಿತು ಗಾಡಗೀಳ ಮತ್ತು ದಾಂಡೇಕರರ ಎರಡು ಶೋಧನಾ ವರದಿಗಳನ್ನು ೧೯೫೫ರಲ್ಲಿ ಪ್ರಕಟಿಸಿತು. ಇಂಥ ಎಣಿಕೆಯಿಲ್ಲದೆ ರೋಗದ ಗಾತ್ರವೇ ತಿಳಿಯದು.

ಆದರೆ ‘ಅಪವ್ಯಯ’ವೆಂಬ ಶಬ್ದವು ನಮ್ಮ ಓದುಗರಲ್ಲಿ ಅನೇಕ ಹಿರಿಯರಿಗೂ ಅನ್ವಯಿಸುತ್ತದೆ! ನಾಲ್ಕನೆಯ ಇಯತ್ತೆಗೆ ಶರಣು ಹೊಡೆದು ಘಟ್ಟ ಹತ್ತಿ ಬಂದು ಮಾಣಿಯಾಗಿ ಸೇರಿ, ತಮ್ಮಂದಿರನ್ನು ಓದಿಸಿದವರು ಇವರು. ಕೋಷ್ಟಕದಲ್ಲಿ ಇವರೆಲ್ಲರ ಎದುರು ‘ಬಡತನ’ ಎಂದು ಒಂದೇ ಮಾತು ಬರೆದರೆ ಕೆಲಸ ಮುಗಿಯಿತೇ? ಒಬ್ಬನಿಗೆ ಅಡವಿಟ್ಟ ಗದ್ದೆ ಕಾರಣ, ಒಬ್ಬನಿಗೆ ಮಾಸ್ತರರ ಬೆತ್ತ. ಮತ್ತೊಬ್ಬನ ದಾರಿಯಲ್ಲಿ ಮಳೆಗಾಲದ ಹೊಳೆ, ಅದಕ್ಕೆ ಸಂಕವಿಲ್ಲ. ಮೂವರಿಗೂ ಔಷಧ ಬೇರೆ.

ಈ ಭೇದವನ್ನರಿಯಲು ಜನರ ನಡುವೆ ಕುಳಿತು ಕೇಳುವ ಕ್ರಮಕ್ಕೆ ಗುಣಾತ್ಮಕ ಸಂಶೋಧನೆಯೆಂದು ಹೆಸರು. ಎಣಿಕೆಯನ್ನೂ ಅದನ್ನೂ ಕೂಡಿಸಿದರೆ ಮಿಶ್ರ ಪದ್ಧತಿ. ಮೊದಲು ಎಣಿಸಿ ಅನಂತರ ಕೇಳಬಹುದು. ಮೊದಲು ಕೇಳಿ, ದೊರೆತ ಉತ್ತರಗಳಿಂದ ಪ್ರಶ್ನಾವಳಿ ಕಟ್ಟಿ ಅನಂತರ ಎಣಿಸಲೂಬಹುದು. ಎರಡೂ ಒಂದಕ್ಕೊಂದು ತಾಳೆಯಾಗದಿದ್ದಲ್ಲಿ ಯಾವುದನ್ನೂ ಎಸೆಯದೆ ಮರಳಿ ವಿಚಾರಿಸತಕ್ಕದ್ದು.

ಈ ವಿದ್ಯೆಗೆ ಪುಣೆಯಲ್ಲಿ ಒಂದು ಮನೆಯುಂಟು. ಕೊಲ್ಲಾಪುರದ ಕಡೆಯ ಜೆ. ಪಿ. ನಾಯಕರು ಮರಾಠಿಗರು, ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿಯ ಸೆರೆಮನೆಗೆ ಹೋಗಿ ಅಲ್ಲಿ ಕನ್ನಡ ಕಲಿತರು, ಬಿಡುಗಡೆಯಾದ ಮೇಲೆ ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ನೆಲಸಿ ಗ್ರಾಮಸೇವೆ ಮಾಡಿದರು. ೧೯೪೮ರಲ್ಲಿ ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಭಾರತೀಯ ಶಿಕ್ಷಣ ಸಂಸ್ಥೆಯು ೧೯೭೬ರಲ್ಲಿ ಇಲ್ಲಿಗೆ ಬಂದಿತು. ಅವರ ಪತ್ನಿ ಚಿತ್ರಾ ನಾಯಕರ ನೇತೃತ್ವದಲ್ಲಿ ಆ ಸಂಸ್ಥೆಯು ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಹಗಲು ದುಡಿಯುವ ಮಕ್ಕಳಿಗಾಗಿ ರಾತ್ರಿ ವರ್ಗಗಳನ್ನು ನಡೆಸಿ, ನಡೆಸುತ್ತಲೇ ಅಭ್ಯಸಿಸಿತು. ಹಾಜರಿ ಪುಸ್ತಕವು ಹುಡುಗಿ ಗೈರುಹಾಜರೆಂದಷ್ಟೇ ಹೇಳುತ್ತದೆ. ಆ ಹೊತ್ತಿಗೆ ಅವಳು ಆಡು ಕಾಯುತ್ತಿದ್ದಾಳೆಂಬುದನ್ನು ಊರಿಗೆ ಹೋದವನೇ ಕಾಣಬೇಕು.

ಗುಮಾಸ್ತಿಕೆ ಮಾಡುತ್ತ ಬಿ.ಎಡ್., ಎಂ.ಎ. ಪರೀಕ್ಷೆಗೆ ಕಟ್ಟುವ ತರುಣರು ಪ್ರಬಂಧಕ್ಕೆ ವಿಷಯ ಹುಡುಕಿ ದೂರ ಹೋಗುವುದೇಕೆ? ೨೦೦೬ರ ಅಕ್ಟೋಬರ ೧೦ರಿಂದ ೧೪ ವರ್ಷದೊಳಗಿನವರನ್ನು ಹೋಟೆಲು ಕೆಲಸಕ್ಕಿರಿಸುವುದು ನಿಷಿದ್ಧ. ಅದಕ್ಕೂ ಮುಂಚೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಅವರ ಒಪ್ಪಿಗೆ ಪಡೆಯಿರಿ, ಹೆಸರನ್ನು ಮರೆಮಾಡಿ. ‘ಬಡತನದಿಂದಲೇ ಬಿಟ್ಟಿರಲ್ಲವೇ?’ ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿ. ‘ಆ ವರ್ಷ ಏನೇನಾಯಿತು?’ ಎಂದು ಕೇಳಿ ಸುಮ್ಮನಿರಿ. ಕುಂದಾಪುರದ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ ಬರೆದುಕೊಳ್ಳಿ. ಬರೆದುದನ್ನು ಅವರಿಗೇ ಓದಿ ತೋರಿಸಿ.

ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿಗೆ ಒಲೆ ಹೊತ್ತುವ ಮುನ್ನಿನ ವೇಳೆ ಇದಕ್ಕೆ ಪ್ರಶಸ್ತ. ಹೋಟೆಲಿನ ಹೊರಗೆ ಕುಳಿತುಕೊಳ್ಳಿ. ಮಾಲಕನು ಗಲ್ಲೆಯಲ್ಲಿರುವಾಗ ದೊರೆತ ಉತ್ತರವನ್ನು, ಗಲ್ಲೆಯಲ್ಲಿ ಕುಳಿತಿದ್ದ ನಾವಂತೂ ನಂಬೆವು.