ಹಳೆಯ ಛಾಪು, ಹೊಸ ಕೈಚೀಲ

ಹೊಲಿದು ವಾರವಾಗಿರದ ಕೈಚೀಲ. ಅದಕ್ಕೆ ತೂಗುಬಿಟ್ಟ ಚೀಟಿಯಲ್ಲಿ ಮಾತ್ರ ನೂರು ವರ್ಷ ಹಳೆಯದೆನಿಸುವ ಆನೆ, ಸುತ್ತ ಬಳ್ಳಿಯ ಅಂಚು, ಕಮಾನಿನಂತೆ ಬಾಗಿದ ಅಕ್ಷರ. ಕೈಚೀಲ, ಸ್ಕಾರ್ಫ್, ಕಿವಿಯೋಲೆ ಮಾರುವ ಸಣ್ಣ ಉದ್ಯಮಗಳು ತಮ್ಮ ಗುರುತಿಗೆ ಹಳೆಯ ಕಾಲದ ಕಳೆ ತರಲು ಇಂಥ ಚಿತ್ರಗಳ ಮೊರೆ ಹೋಗುವುದುಂಟು. ಇವುಗಳ ಒಂದು ತವರು, ಅಚ್ಚರಿಯೆನಿಸಿದರೂ, ಇಂಗ್ಲೆಂಡಿನ ಮ್ಯಾಂಚೆಸ್ಟರ್.

19ನೇ ಶತಮಾನದ ಉತ್ತರಾರ್ಧದಲ್ಲಿ ಲ್ಯಾಂಕಾಷೈರಿನ ಗಿರಣಿ ಬಟ್ಟೆಗೆ ಭಾರತವೇ ಬಹುದೊಡ್ಡ ಮಾರುಕಟ್ಟೆ. ಹಡಗಿನಲ್ಲಿ ಬಂದ ತಾನುಗಳ ಮೇಲೆ ಬಣ್ಣದ ಚೀಟಿ ಅಂಟಿಸಿರುತ್ತಿತ್ತು: ಹುಲಿ, ಆನೆ, ಮಹಾರಾಜ, ಕೃಷ್ಣ, ಲಕ್ಷ್ಮಿ. ಇದು ಬರೀ ಅಲಂಕಾರವಲ್ಲ. ಕಂಪನಿಯ ಇಂಗ್ಲಿಷ್ ಹೆಸರು ಓದಲಾಗದ ಗಿರಾಕಿಗೆ ಚಿತ್ರವೇ ಹೆಸರು. ಕಳೆದ ಸಲ ಕೊಂಡ ಬಟ್ಟೆ ಬಾಳಿಕೆ ಬಂದಿದ್ದರೆ ಮತ್ತೆ ಅದೇ ಚಿತ್ರದ್ದನ್ನು ಕೇಳುತ್ತಿದ್ದ. ಹಾಗಾಗಿ ಚಿತ್ರವನ್ನು ನಕಲು ಮಾಡುವುದೆಂದರೆ ವ್ಯಾಪಾರವನ್ನೇ ಕದ್ದಂತೆ. ಬ್ರಿಟನ್ 1875ರಲ್ಲಿ ವ್ಯಾಪಾರ ಚಿಹ್ನೆಗಳ ನೋಂದಣಿ ಕಾನೂನು ತಂದಾಗ ಹತ್ತಿಬಟ್ಟೆಯ ಚಿಹ್ನೆಗಳೇ ರಾಶಿ ಬಿದ್ದು, ಅವಕ್ಕೆಂದು ಮ್ಯಾಂಚೆಸ್ಟರಿನಲ್ಲೇ ಕಚೇರಿ ತೆರೆಯಬೇಕಾಯಿತು.

ಚೀಟಿಗಳು ಕಲ್ಲಚ್ಚಿನವು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು; ಕಾಗದ ಅಷ್ಟೂ ಕಲ್ಲುಗಳ ಮೇಲೆ ಕೂದಲೆಳೆ ತಪ್ಪದೆ ಕೂರಬೇಕು. ಇಂದಿನ ವಿನ್ಯಾಸಕಾರರು ಹಳತೆನಿಸಲೆಂದು ಬಣ್ಣವನ್ನು ಗೆರೆಯಾಚೆ ಬೇಕೆಂದೇ ಜರುಗಿಸುತ್ತಾರೆ. ಅಂದಿನ ಅಚ್ಚುಗಾರ ಅಂಥ ಹಾಳೆಯನ್ನು ಕಸಕ್ಕೆ ಎಸೆಯುತ್ತಿದ್ದ!

ಬಣ್ಣ ಜರುಗಿಸುವುದು ನಿರುಪದ್ರವಿ ಆಟ. ಆದರೆ ಕಳೆದ ವರ್ಷ ತೆರೆದ ಅಂಗಡಿ ತನ್ನ ಚೀಟಿಯಲ್ಲಿ ‘1920ರಿಂದ’ ಎಂದು ಬರೆದುಕೊಂಡರೆ ಅದು ಅಲಂಕಾರವಲ್ಲ, ಗಿರಾಕಿಗೆ ಹೇಳಿದ ಸುಳ್ಳು.

ಹಳೆಯ ಚಿತ್ರವನ್ನೇ ಎತ್ತಿಕೊಂಡರೆ? ಇಲ್ಲಿ ಎರಡು ಕಾನೂನುಗಳು ಎದುರಾಗುತ್ತವೆ. ಭಾರತದಲ್ಲಿ ಕಲಾಕೃತಿಯ ಕೃತಿಸ್ವಾಮ್ಯ ಕಲಾವಿದ ತೀರಿಕೊಂಡ 60 ವರ್ಷಗಳ ನಂತರ ಮುಗಿಯುತ್ತದೆ. 1906ರಲ್ಲಿ ನಿಧನರಾದ ರಾಜಾ ರವಿವರ್ಮರ ಲಕ್ಷ್ಮಿ, ಸರಸ್ವತಿಯರ ಮೇಲೆ ಈಗ ಆ ಹಕ್ಕು ಯಾರಿಗೂ ಇಲ್ಲ. ವ್ಯಾಪಾರ ಚಿಹ್ನೆಯ ಲೆಕ್ಕ ಬೇರೆ. 1999ರ ಕಾಯ್ದೆಯಂತೆ ಅದರ ನೋಂದಣಿ 10 ವರ್ಷದ್ದು. ಶುಲ್ಕ ಕಟ್ಟಿ ಎಷ್ಟು ಸಲವಾದರೂ ನವೀಕರಿಸಬಹುದು. ಬರೆದವನ ಹಕ್ಕು ಎಂದೋ ತೀರಿದ ಆನೆ ಇನ್ನೊಬ್ಬ ವರ್ತಕನ ಚಿಹ್ನೆಯಾಗಿ ಇಂದಿಗೂ ಬದುಕಿರಬಹುದು. ಚೀಟಿ ಅಚ್ಚಿಗೆ ಕೊಡುವ ಮೊದಲೇ ನೋಂದಣಿ ಪುಸ್ತಕದಲ್ಲಿ ಹುಡುಕಬೇಕು: ಚರ್ಮದ ಕೈಚೀಲಕ್ಕೆ 18ನೇ ವರ್ಗ, ಸ್ಕಾರ್ಫಿಗೆ 25, ಆಭರಣಕ್ಕೆ 14.